ಅಪ್‌ಡೇಟ್: ಸೀನಿಯರ್ ಆಫೀಸ್ ಬಿಡ್ಬೇಕಾ ಅಂತ ಕೇಳಿದ್ನಲ್ಲ

ನೆನಪಿದ್ಯಾ, ಫ್ಯಾಮಿಲಿ ಕೋರ್ಟ್ ಪ್ರಾಕ್ಟೀಸ್ ಇರೋ ಮೇಡಂ ಹತ್ರ ಜೂನಿಯರ್ ಲಾಯರ್ ಆಗಿ 8 ತಿಂಗಳಿಂದ ಬರೀ ಕೋರ್ಟಲ್ಲಿ ಮುಂದಿನ ಡೇಟ್ ತಗೊಳ್ಳೋದು, ಜೆರಾಕ್ಸ್ ಮಾಡ್ಸೋದು ಅಷ್ಟೇ ಆಗಿದೆ, ಬಿಟ್ಬಿಡ್ಲಾ ಅಂತ ಕೇಳಿದ್ದೆ. ಬಿಡೋ ಮುಂಚೆ ಒಂದ್ಸಲ ನೇರವಾಗಿ ಕೇಳು ಅಂದ್ರಿ. ಕೇಳ್ದೆ.

ಮೇಡಂ ನಕ್ಕು "ನೀನು ಬಾಯೇ ಬಿಡ್ಲಿಲ್ವಲ್ಲಮ್ಮ" ಅಂತ ಒಂದು ಮೇಂಟೆನೆನ್ಸ್ (ಜೀವನಾಂಶ) ಕೇಸಿನ ಫೈಲ್ ಕೈಗಿಟ್ರು. 2020ರ ಸುಪ್ರೀಂ ಕೋರ್ಟಿನ ರಜನೇಶ್ ವರ್ಸಸ್ ನೇಹಾ ತೀರ್ಪಾದ್ಮೇಲೆ ಎರಡೂ ಕಡೆಯವ್ರು ಆಸ್ತಿ, ಸಾಲ, ಆದಾಯದ ಅಫಿಡವಿಟ್ ಹಾಕ್ಬೇಕಲ್ಲ, ನಮ್ಮ ಕಕ್ಷಿದಾರರದ್ದು ನಾನೇ ಡ್ರಾಫ್ಟ್ ಮಾಡ್ದೆ, ಮೂರು ಸಲ ಕೆಂಪು ಪೆನ್ನಲ್ಲಿ ತುಂಬ್ಸಿ ವಾಪಸ್ ಬಂತು (ಅಳು ಬಂದಿದ್ದು ನಿಜ). ಆಮೇಲೆ ಕಕ್ಷಿದಾರರ ಗಂಡನ ಅಫಿಡವಿಟ್ ಓದೋದು ಹೇಳ್ಕೊಟ್ರು. ಸಂಬಳ 18 ಸಾವಿರ ಅಂತಾನೆ, ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ಕಾರಿನ ಇಎಂಐಯೇ 22 ಸಾವಿರ ಹೋಗ್ತಿದೆ! ಅದನ್ನ ಹಿಡಿದಿದ್ದು ನಾನು.

ಆದ್ರೆ ಜಾಸ್ತಿ ಕಲ್ತಿದ್ದು ಕಕ್ಷಿದಾರರ ಜೊತೆ ಕೂತಾಗ. ಆಯಮ್ಮ ಅಳ್ತಿದ್ರೆ ನಾನು ಜೀವನಾಂಶದ ಹಳೇ ಸೆಕ್ಷನ್ 125 ಹೋಗಿ ಈಗ ಹೊಸ ಕಾನೂನಾದ ಬಿಎನ್‌ಎಸ್‌ಎಸ್ 144 ಬಂದಿದೆ ಅಂತ ಪಾಠ ಶುರು ಮಾಡ್ದೆ, ಮೇಡಂ ಸುಮ್ನೆ ನೀರಿನ ಲೋಟ ಮುಂದಿಟ್ಟು ಹತ್ತು ನಿಮಿಷ ಮಾತೇ ಆಡ್ಲಿಲ್ಲ, ಆಮೇಲೆ ಆಯಮ್ಮನೇ ಎಲ್ಲಾ ಹೇಳಿದ್ರು, ಮದ್ವೇಲಿ ಹಾಕಿದ್ದ ಒಡವೆ ಅಡ ಇಟ್ಟಿದ್ದು ಸೇರಿ.

ಸ್ಟೈಪೆಂಡ್ ಮಾತ್ರ ಅಷ್ಟೇ ಇದೆ, ಅದು ಇನ್ನೊಂದಿನ ಕೇಳ್ತೀನಿ. ಮುಂದಿನ ವಾರ ಆ ಗಂಡನ ಪಾಟೀಸವಾಲು, ಪ್ರಶ್ನೆಗಳ ಪಟ್ಟಿ ನಂದೇ, ಈಗ್ಲೇ ನಿದ್ದೆ ಹೋಗಿದೆ.