ಸಹಾಯ ಬೇಕು: ತಲೆಬರಹಕ್ಕೆ ಒಳ್ಳೆ ಕಂಡೆನ್ಸ್ಡ್ ಸೆರಿಫ್ ಫಾಂಟ್

ಎಲ್ಲರಿಗೂ ನಮಸ್ಕಾರ. ಒಂದು ಇಂಗ್ಲಿಷ್ ಪತ್ರಿಕೆಗೆ ಪುಟವಿನ್ಯಾಸ ಮಾಡುತ್ತಿದ್ದೇನೆ. ತಲೆಬರಹಗಳು ಉದ್ದ, ಕಾಲಂ ಅಗಲ ಕಮ್ಮಿ. ಅಕ್ಷರ ಚಿಕ್ಕದು ಮಾಡಿದರೆ ತಲೆಬರಹದ ಗತ್ತೇ ಹೋಗುತ್ತದೆ. ಅದಕ್ಕೇ ಕಂಡೆನ್ಸ್ಡ್ (ಅಗಲ ಕಿರಿದಾದ) ಸೆರಿಫ್ (ಗೆರೆಗಳ ತುದಿಯಲ್ಲಿ ಪುಟ್ಟ ಚಾಚು ಇರುವ) ಫಾಂಟ್ ಹುಡುಕುತ್ತಿದ್ದೇನೆ.

ಮೊದಲು ಇದ್ದ ಫಾಂಟನ್ನೇ ಸಾಫ್ಟ್‌ವೇರ್‌ನಲ್ಲಿ ಅಗಲದಲ್ಲಿ ಶೇ. 80ಕ್ಕೆ ಒತ್ತಿ ನೋಡಿದೆ. ಸರಿ ಬರಲಿಲ್ಲ. 'ಎಚ್' ಅಕ್ಷರದ ಎರಡು ಕಂಬಗಳು ಸೊರಗಿದವು, ನಡುವಿನ ಅಡ್ಡಗೆರೆ ಮಾತ್ರ ಹಾಗೇ ಉಳಿಯಿತು. 'ಓ' ಅಂತೂ ಎರಡೂ ಕಡೆಯಿಂದ ಹಿಂಡಿದ ಹಾಗೆ ಕಾಣುತ್ತದೆ. ಸುಮ್ನೆ ಒತ್ತಿದರೆ ಆಗಲ್ಲ, ಆ ಅಗಲಕ್ಕೆಂದೇ ಬಿಡಿಸಿದ ಅಕ್ಷರ ಬೇಕು, ಅಲ್ವಾ? ಆಪಲ್ 1984ರಿಂದ ಬಳಸಿದ ಗ್ಯಾರಮಂಡ್ ಫಾಂಟ್ ಕೂಡ ಐಟಿಸಿ ಗ್ಯಾರಮಂಡ್ ಎಂಬ ಫಾಂಟನ್ನು ಸುಮಾರು ಶೇ. 80ಕ್ಕೆ ಕಿರಿದು ಮಾಡಿದ್ದೇ. ಆದರೆ ಅದರಲ್ಲಿ ಗೆರೆಗಳ ದಪ್ಪವನ್ನು ಮತ್ತೆ ತಿದ್ದಿದ್ದರು.

ಇನ್‌ಸ್ಟ್ರುಮೆಂಟ್ ಸೆರಿಫ್ ಎಂಬ ಫಾಂಟ್ ಹಾಕಿ ನೋಡಿದೆ. ರೂಪ ತುಂಬಾ ಇಷ್ಟವಾಯಿತು. ಆದರೆ ರೆಗ್ಯುಲರ್ ಮತ್ತು ಇಟಾಲಿಕ್ ಬಿಟ್ಟರೆ ಬೋಲ್ಡ್ ಇಲ್ಲ. ನನಗೆ ಬೋಲ್ಡ್ ಬೇಕೇ ಬೇಕು.

ಸಣ್ಣಕ್ಷರಗಳು ಎತ್ತರವಾಗಿದ್ದು, ತೆಳು ಗೆರೆಗಳು ಮುದ್ರಣದಲ್ಲಿ ಮಾಯವಾಗದಂಥ ಫಾಂಟ್ ಯಾರಾದರೂ ಬಳಸಿದ್ದೀರಾ? ಉಚಿತ ಲೈಸೆನ್ಸ್ ಇದ್ದರೆ ಒಳ್ಳೆಯದು. ಅಕ್ಷರಗಳ ನಡುವೆ ಎಷ್ಟು ಜಾಗ ಬಿಟ್ಟಿರಿ ಅಂತಲೂ ಹೇಳಿದರೆ ದೊಡ್ಡ ಉಪಕಾರ.