ಸಹಾಯ ಬೇಕು: ಬಳಸಿದ ಡಿಸ್ಕ್ ಡ್ರೈವ್ ನನ್ನ ಪಿಎಸ್5 (ಪ್ಲೇಸ್ಟೇಷನ್ 5 ಗೇಮ್ ಕನ್ಸೋಲ್)ಗೆ ಜೋಡಿಯಾಗುತ್ತಾ?

ಎಲ್ಲರಿಗೂ ನಮಸ್ಕಾರ. ಮಂಡ್ಯದಿಂದ ಬರೆಯುತ್ತಿದ್ದೇನೆ. ಅಣ್ಣ ಕೆಲಸಕ್ಕೆ ಊರು ಬಿಡುವಾಗ ತನ್ನ 16 ಪಿಎಸ್4 (ಹಿಂದಿನ ಪ್ಲೇಸ್ಟೇಷನ್) ಆಟದ ಡಿಸ್ಕ್ ನನಗೆ ಕೊಟ್ಟು ಹೋದ. ಎಲ್ಲವೂ ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಪ್ರತಿ ಡಬ್ಬಿಯೊಳಗೂ ತಾರೀಖು, ಕೊಟ್ಟ ದುಡ್ಡು ಬಾಲ್‌ಪೆನ್ನಲ್ಲಿ ಬರೆದಿಟ್ಟಿದ್ದಾನೆ. ಅವನ್ನು ಮಾರಲು ನನಗೆ ಮನಸ್ಸಿಲ್ಲ.

ಈಗ ನನ್ನ ಹತ್ತಿರ ಇರುವುದು ಪಿಎಸ್5 ಸ್ಲಿಮ್ ಡಿಜಿಟಲ್, 2023ರಲ್ಲಿ ಬಂದ ಮಾಡೆಲ್. ಪಿಎಸ್4 ಆಟಗಳು ಬಹುತೇಕ ಎಲ್ಲವೂ ಇದರಲ್ಲಿ ಓಡುತ್ತವೆ, ಆದರೆ ಡಿಸ್ಕ್ ಹಾಕುವ ಜಾಗವೇ ಇಲ್ಲ. ಡ್ರೈವ್ ಬೇರೆ ಕೊಂಡು, ಪಕ್ಕದ ಕವರ್ ತೆಗೆದು ಸಿಕ್ಕಿಸಬೇಕು.

ಅಣ್ಣನ ಅಕೌಂಟ್‌ನಿಂದ ಡೌನ್‌ಲೋಡ್ ಮಾಡಲು ನೋಡಿದೆ, ಆಗಲಿಲ್ಲ. ಡಿಸ್ಕ್‌ನಲ್ಲಿ ಕೊಂಡ ಆಟ ಅಕೌಂಟ್‌ಗೆ ಸೇರಲ್ಲ, ಡಿಸ್ಕ್ ಯಾರ ಕೈಲಿದೆಯೋ ಅವರದ್ದು. ಹೊಸ ಡ್ರೈವ್‌ಗೆ ಮೂರು ಅಂಗಡಿ ಸುತ್ತಿದೆ, ಎಲ್ಲೂ ಸ್ಟಾಕ್ ಇಲ್ಲ.

ಇಲ್ಲೇ ಒಬ್ಬರು ತಾವು ಬಳಸಿದ ಡ್ರೈವ್ ಕೊಡುತ್ತೇನೆ ಅಂದಿದ್ದಾರೆ. ಆದರೆ ವಾಪಸ್ ತಗೊಳ್ಳಲ್ಲವಂತೆ. ಅದು ಈಗಾಗಲೇ ಅವರ ಪಿಎಸ್5ಗೆ ಜೋಡಿಯಾಗಿದೆ. ಡ್ರೈವ್ ಹಾಕಿದಾಗ ಒಂದು ಸಲ ಇಂಟರ್ನೆಟ್ ಮೂಲಕ ಜೋಡಿಸಬೇಕು, ಅಷ್ಟು ಗೊತ್ತು. ನಮ್ಮನೆಯಲ್ಲಿ ವೈಫೈ ಇಲ್ಲ, ಮೊಬೈಲ್ ಹಾಟ್‌ಸ್ಪಾಟ್ ಮಾತ್ರ.

ಬೇರೆ ಪಿಎಸ್5ಗೆ ಜೋಡಿಯಾಗಿದ್ದ ಡ್ರೈವ್ ನನ್ನದಕ್ಕೆ ಮತ್ತೆ ಜೋಡಿಯಾಗುತ್ತಾ? ಅದಕ್ಕೆ ಅವರು ಮೊದಲು ತಮ್ಮ ಕಡೆ ಏನಾದರೂ ತೆಗೆಯಬೇಕಾ? ಹಾಟ್‌ಸ್ಪಾಟ್ ಸಾಕಾ? ಸ್ವತಃ ಹೀಗೆ ಮಾಡಿದವರು ದಯವಿಟ್ಟು ಹೇಳಿ. ಭಾನುವಾರದೊಳಗೆ ಅವರಿಗೆ ಉತ್ತರ ಕೊಡಬೇಕು.