ಹುಟ್ಟುವಳಿ, ಲಾಭ, ವಹಿವಾಟು: ಸರೋವರದ ಲೆಕ್ಕಕ್ಕೆ ಯಾವುದು?

ಬಲ್ಲವರಲ್ಲಿ ಒಂದು ವಿಚಾರಣೆ.

ಉತ್ತರ ಅಮೆರಿಕದ ಐದು ಮಹಾಸರೋವರಗಳ ಬಗೆಗಿನ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅವುಗಳ ‘ರೆಸ್ಟೊರೇಶನ್’ಗೆಂದು ಅಮೆರಿಕದ ಕೇಂದ್ರ ಸರ್ಕಾರ 2010ರಿಂದ ಹಣ ಹಾಕುತ್ತಿದೆ. ಮೊದಲು ‘ಜೀರ್ಣೋದ್ಧಾರ’ ಎಂದು ಬರೆದೆ. ಓದಿಕೊಂಡರೆ ಈರಿ ಸರೋವರಕ್ಕೆ ಕುಂಭಾಭಿಷೇಕ ಮಾಡಿಸಿದಂತಿತ್ತು! ನಮ್ಮ ಕೆರೆಗಾದರೆ ಆ ಪದ ಒಪ್ಪುತ್ತದೆ. ಕೆರೆಯನ್ನು ಯಾರೋ ಕಟ್ಟಿಸಿರುತ್ತಾರೆ. ಏರಿ ಬಿರಿಯುತ್ತದೆ, ತೂಬು ಕಟ್ಟಿಕೊಳ್ಳುತ್ತದೆ, ಕೋಡಿ ಕುಸಿಯುತ್ತದೆ. ಹಿಮನದಿ ಕೊರೆದಿಟ್ಟ ಸರೋವರದಲ್ಲಿ ಜೀರ್ಣವಾಗುವುದಕ್ಕೆ ಏನಿದೆ? ಕೆಟ್ಟಿರುವುದು ನೀರು, ಮೀನು, ತಳದ ಮಣ್ಣು. ‘ಪುನಶ್ಚೇತನ’ವನ್ನು ನಷ್ಟದ ಕಾರ್ಖಾನೆಗಳಿಗೆ ಬಳಸಿ ಬಳಸಿ ಸವೆಸಿದ್ದೇವೆ. ಸದ್ಯಕ್ಕೆ ಬೇರೆ ಗತಿಯಿಲ್ಲದೆ ಅದನ್ನೇ ಉಳಿಸಿಕೊಂಡಿದ್ದೇನೆ.

ಹೂಳಿನದು ಇನ್ನೊಂದು ಪೇಚು. ನಮ್ಮಲ್ಲಿ ಬೇಸಿಗೆಗೆ ಕೆರೆಯ ಗೋಡನ್ನು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುತ್ತಾರೆ, ಅದು ಗೊಬ್ಬರ. ಈರಿಗೆ ಸೇರುವ ಬಫಲೋ ನದಿಯ ತಳದಿಂದ ತೆಗೆದದ್ದು ಸೀಸ, ಪಾದರಸ ಬೆರೆತ ಕಾರ್ಖಾನೆಯ ಮಡ್ಡಿ. ಬರಿದೇ ‘ಹೂಳೆತ್ತಿದರು’ ಎಂದು ಬರೆದರೆ ನಮ್ಮ ರೈತರು ಟ್ರ್ಯಾಕ್ಟರ್ ತಂದು ನಿಲ್ಲಿಸಿಯಾರು. ‘ನಂಜುಹೂಳು’ ನಡೆದೀತೇ?

ನಾನು ನಿಜವಾಗಿ ಸಿಕ್ಕಿಬಿದ್ದಿರುವುದು ಹಣದ ಮಾತಿನಲ್ಲಿ. ಮಿಶಿಗನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು 2018ರಲ್ಲಿ ಕೊಟ್ಟ ಲೆಕ್ಕ ಇದು: 2010ರಿಂದ 2016ರವರೆಗೆ ಹಾಕಿದ ಒಂದೊಂದು ಡಾಲರಿಗೂ 2036ರ ಹೊತ್ತಿಗೆ ಆ ಸೀಮೆಯಲ್ಲಿ 3.35 ಡಾಲರಿನ ಹೆಚ್ಚುವರಿ ‘ಔಟ್‌ಪುಟ್’. ಡೆಟ್ರಾಯಿಟ್, ಬಫಲೋಗಳಲ್ಲಿ ನಾಲ್ಕಕ್ಕೂ ಮೇಲೆ. ಇದನ್ನು ‘ಲಾಭ’ ಎಂದರೆ ಖಜಾನೆಗೆ ಅಷ್ಟು ಹಣ ಮರಳಿತು ಎಂಬ ಅರ್ಥ ಬರುತ್ತದೆ. ಹಾಗೇನೂ ಇಲ್ಲ. ಪ್ರವಾಸಿಗಳು ಬಂದರು, ದೋಣಿ ಬಾಡಿಗೆಗೆ ಹೋಯಿತು, ದಡದಲ್ಲಿ ಹೋಟೆಲು ಎದ್ದಿತು, ಇಂಥವೆಲ್ಲದರ ಅಂದಾಜು ಮೊತ್ತ ಇದು. ‘ವಹಿವಾಟು’ ಹತ್ತಿರದ ಪದ, ಆದರೆ ಅದಕ್ಕೆ ಮಂಡಿಯ ವಾಸನೆ.

ಹೊಲದ ಉತ್ಪತ್ತಿಗೆ ಹೇಳುವ ‘ಹುಟ್ಟುವಳಿ’ಯ ಮೇಲೆ ನನಗೆ ಕಣ್ಣಿದೆ. ಹಾಕಿದ್ದೆಷ್ಟು, ಹುಟ್ಟಿದ್ದೆಷ್ಟು ಎಂಬ ಲೆಕ್ಕ ಆ ಪದದಲ್ಲೇ ಇದೆ. ತೊಡಕು ಒಂದೇ. ಅದೇ ವರದಿ, ಡಾಲರಿಗೆ 1.08ರಂತೆ ಮನೆಗಳ ಬೆಲೆ ಏರಿತು ಎಂದೂ ಹೇಳುತ್ತದೆ. ಮಾರುವ ತನಕ ಕೈಗೆ ಬಾರದ ಆ ಏರಿಕೆಯನ್ನು ಹುಟ್ಟುವಳಿ ಎನ್ನಲು ಮನಸ್ಸು ಒಪ್ಪುತ್ತಿಲ್ಲ.

ನಿಮ್ಮ ಕಡೆ ಹುಟ್ಟುವಳಿ ಎಂದರೆ ಬೆಳೆಯದು ಮಾತ್ರವೋ, ಅಂಗಡಿ ಮನೆಗಳ ಬಾಡಿಗೆಗೂ ಆ ಮಾತು ಉಂಟೋ? ದಯವಿಟ್ಟು ಊರಿನ ಹೆಸರಿನ ಸಮೇತ ತಿಳಿಸಿ.